ಹೆರಿಗೆ ಕೋಣೆಯ ಹೊರಗಿನ ಬೀಗರು

ಧಾರವಾಡದ ಒಂದು ಹೆರಿಗೆ ಆಸ್ಪತ್ರೆಯಲ್ಲಿ ನನ್ನ ಹುದ್ದೆಯ ಹೆಸರು ‘ಸಮಾಲೋಚಕಿ’. ಈ ಪದವನ್ನು ನನ್ನ ಹೊರತು ಬೇರೆ ಯಾರೂ ಅಲ್ಲಿ ಪೂರ್ತಿಯಾಗಿ ಉಚ್ಚರಿಸಿದ್ದು ನೆನಪಿಲ್ಲ. ಬಸುರಿಯರು, ಅವರ ಜೊತೆ ಬಂದವರು, ಬಾಗಿಲು ಕಾಯುವವನು, ಕಡೆಗೆ ಡಾಕ್ಟರು ಕೂಡ ನನ್ನನ್ನು ‘ಅಕ್ಕೋರು’ ಎಂದೇ ಕರೆದರು. ನಮ್ಮ ಕಡೆ ಶಾಲೆಯ ಶಿಕ್ಷಕಿಯನ್ನು ಹೀಗೆ ಕರೆಯುತ್ತಾರೆ. ಆಸ್ಪತ್ರೆಗೆ ಬರುವ ಮೊದಲು ನಾನು ಪ್ರೌಢಶಾಲೆಯಲ್ಲಿ ಕನ್ನಡ ವ್ಯಾಕರಣ ಕಲಿಸುತ್ತಿದ್ದವಳಾದ್ದರಿಂದ ಆ ಹೆಸರು ನನಗೆ ಸಲ್ಲದ್ದೇನೂ ಆಗಿರಲಿಲ್ಲ.

ಈ ವರ್ಷ ನಿವೃತ್ತಳಾದೆ. ನನ್ನ ಕುರ್ಚಿಗೆ ಬಂದಿರುವ ಹುಡುಗಿ ಮೊನ್ನೆ ಸಪ್ತಾಪುರದ ನಮ್ಮ ಮನೆಗೆ ಬಂದು, ‘ಅಕ್ಕೋರ, ಸಿಜೇರಿಯನ್ ಅಂದಕೂಡ್ಲೆ ಮಂದಿ ಅಳಾಕ ಚಾಲೂ ಮಾಡ್ತಾರ. ಏನ್ ಹೇಳ್ಬೇಕು, ಹೆಂಗ ಹೇಳ್ಬೇಕು, ಒಂದೀಟು ಬರದ ಕೊಡ್ರಿ’ ಎಂದಳು. ವೈದ್ಯಶಾಸ್ತ್ರವನ್ನು ಬರೆಯುವ ಅಧಿಕಾರ ನನಗಿಲ್ಲ. ಅದಕ್ಕೆ ಡಾಕ್ಟರಿದ್ದಾರೆ, ಪ್ರತಿಯೊಬ್ಬ ಬಸುರಿಯೂ ತನ್ನ ಡಾಕ್ಟರನ್ನೇ ಕೇಳಬೇಕು. ಡಾಕ್ಟರ ಮಾತು ಬಸುರಿಯ ಮನಸ್ಸನ್ನು ಮುಟ್ಟುವವರೆಗೆ ನಡುದಾರಿಯಲ್ಲಿ ಏನೇನಾಗುತ್ತದೆ ಎಂಬುದನ್ನು ಮಾತ್ರ ನಾನು ಬಲ್ಲೆ. ಅದನ್ನೇ ಬರೆಯುತ್ತೇನೆ.

ನನ್ನನ್ನು ಈ ಕೆಲಸಕ್ಕೆ ಎಳೆದವರು ಆಸ್ಪತ್ರೆಯ ಹಿರಿಯ ಡಾಕ್ಟರು. ಎಲ್ಲರೂ ಅವರನ್ನು ದೊಡ್ಡ ಡಾಕ್ಟರು ಎನ್ನುತ್ತಿದ್ದರು. ಅವರ ಮಗಳು ನನ್ನ ವಿದ್ಯಾರ್ಥಿನಿ. ಶಾಲೆಯಲ್ಲಿ ಮಕ್ಕಳು ಕಡಿಮೆಯಾಗಿ ನನ್ನ ವಿಭಾಗ ಮುಚ್ಚಿತೆಂದು ತಿಳಿದು ಅವರೇ ಮನೆಗೆ ಬಂದರು.

‘ನನ್ನ ಮಗಳ ತಲಿಯೊಳಗ ಸಂಧಿ, ಸಮಾಸ ಇಳಿಸೀರಿ. ಆ ತಲಿಯೊಳಗ ಇಳಿಸಿದವರು ಎಲ್ಲಿ ಬೇಕಾದ್ರೂ ಇಳಿಸ್ತೀರಿ. ಬಂದು ನಮ್ಮ ಬಸುರಿಯರಿಗೆ ಪಾಠಾ ಹೇಳ್ರಿ. ನನಗ ಒಬ್ಬೊಬ್ಬರ ಮುಂದ ಕೂತು ಹೇಳಾಕ ಹೊತ್ತು ಸಾಲವಲ್ದು.’

ಹೋದೆ. ಆಸ್ಪತ್ರೆಯಲ್ಲಿ ನಾನು ಮೊದಲು ತಿದ್ದಿದ್ದು ಬಾಗಿಲ ಬಳಿಯ ಫಲಕವನ್ನು. ಅದರಲ್ಲಿ ‘ಶಸ್ತ್ರಚಿಕಿತ್ಸೆ’ ಎಂಬ ಒಂದೇ ಪದಕ್ಕೆ ಮೂರು ಕಾಗುಣಿತದ ತಪ್ಪು ಬಿದ್ದಿದ್ದವು. ಅದೇ ಹುಮ್ಮಸ್ಸಿನಲ್ಲಿ ಮೊದಲ ತರಗತಿಗೂ ಸಿದ್ಧಳಾದೆ. ವಾರಕ್ಕೊಮ್ಮೆ ಬಸುರಿಯರು ಮತ್ತು ಅವರ ಮನೆಯವರು ಸೇರುವ ತರಗತಿ ಅದು. ಕರಿಹಲಗೆಯ ಮೇಲೆ ದುಂಡಗೆ ಬರೆದು ಓದಿದೆ: ‘ಉದರಭಿತ್ತಿಯನ್ನೂ ಗರ್ಭಾಶಯಭಿತ್ತಿಯನ್ನೂ ಛೇದಿಸಿ ಶಿಶುವನ್ನು ಹೊರತೆಗೆಯುವ ಕ್ರಿಯೆಯೇ ಸಿಜೇರಿಯನ್.’ ವಾಕ್ಯದಲ್ಲಿ ಒಂದು ದೋಷವೂ ಇರಲಿಲ್ಲ. ಆದರೆ ‘ಛೇದಿಸಿ’ ಎಂಬಲ್ಲಿಗೆ ಮುಂದಿನ ಸಾಲಿನ ಹೆಂಗಸೊಬ್ಬಳು ಚೀಲ ಎತ್ತಿಕೊಂಡು ಎದ್ದಳು.

‘ಎಲ್ಲಿಗೆ ಹೊರಟೆ?’

‘ಮನಿಗ್ರಿ. ನಮ್ಮೂರ ಕಟುಕ ಸೈತ ಇಷ್ಟು ಕೆಟ್ಟ ಮಾತಾಡಂಗಿಲ್ರಿ ಅಕ್ಕೋರ.’

ದೊಡ್ಡ ಡಾಕ್ಟರು ಬಾಗಿಲಲ್ಲೇ ನಿಂತು ನಕ್ಕರು. ‘ಇವರು ಪರೀಕ್ಷಾ ಬರಿಯಾಕ ಬಂದಿಲ್ಲ, ಹಡಿಯಾಕ ಬಂದಾರ’ ಎಂದರು.

ಮುಂದಿನ ವಾರ ಮನೆಯಿಂದ ಒಂದು ಹಳೆಯ ಕೌದಿಯನ್ನು ಒಯ್ದೆ. ಹಳೆಯ ಸೀರೆ, ಧೋತರಗಳನ್ನು ಪದರಪದರವಾಗಿ ಹೊಲಿದ ಹೊದಿಕೆ ನಮ್ಮ ಕಡೆ ಯಾರ ಮನೆಯಲ್ಲಿ ಇಲ್ಲ? ಅದರ ಒಂದು ಮಗ್ಗುಲನ್ನು ಬಿಚ್ಚಿ ತೋರಿಸಿದೆ. ಮೇಲಿನ ಬಟ್ಟೆ ಚರ್ಮ, ನಡುವಿನವು ಒಳಪದರಗಳು, ಎಲ್ಲಕ್ಕಿಂತ ಕೆಳಗಿನದು ಗರ್ಭಚೀಲ. ಡಾಕ್ಟರು ಪದರಗಳನ್ನು ದಾಟಿ ಕೂಸನ್ನು ತೆಗೆಯುತ್ತಾರೆ. ಆಮೇಲೆ ಒಳಗಿನಿಂದ ಹೊಲಿಯುತ್ತ ಮೇಲಕ್ಕೆ ಬರುತ್ತಾರೆ. ಕೂಸು ಹೊರಬರುವುದು ಬೇಗ, ಹೊಲಿಗೆ ಮುಗಿಯುವುದು ತಡ. ಮೇಲಿನ ಹೊಲಿಗೆ ಒಣಗಿದ್ದು ಕಣ್ಣಿಗೆ ಕಾಣುತ್ತದೆ, ಒಳಗಿನದು ಕಾಣುವುದಿಲ್ಲ. ಆದ್ದರಿಂದ ‘ಗಾಯ ಒಣಗಿತು’ ಎಂದು ನೀರು ತುಂಬಿದ ಕೊಡಕ್ಕೆ ಕೈ ಹಾಕಬಾರದು. ಕೂಸಿಗಿಂತ ಭಾರವಾದದ್ದನ್ನು ಡಾಕ್ಟರು ಹೇಳುವವರೆಗೆ ಎತ್ತಬಾರದು. ಆ ದಿನ ಯಾರೂ ಚೀಲ ಎತ್ತಿಕೊಂಡು ಏಳಲಿಲ್ಲ. ನಿವೃತ್ತಳಾದಾಗ ನನ್ನ ಉತ್ತರಾಧಿಕಾರಿಗೆ ನಾನು ಹಸ್ತಾಂತರಿಸಿದ ಬೋಧನೋಪಕರಣ ಆ ಕೌದಿಯೊಂದೇ.

ಶಸ್ತ್ರಚಿಕಿತ್ಸೆಯ ದಿನ ಮೊದಲೇ ಗೊತ್ತಾಗಿದ್ದರೆ, ಡಾಕ್ಟರು ಹೇಳಿದ ಹೊತ್ತಿನಿಂದ ಹೊಟ್ಟೆ ಖಾಲಿ ಇರಬೇಕು ಎಂಬುದನ್ನು ಪ್ರತಿ ತರಗತಿಯಲ್ಲೂ ಹೇಳುತ್ತಿದ್ದೆ. ಅರಿವಳಿಕೆಯ ಹೊತ್ತಿನಲ್ಲಿ ಹೊಟ್ಟೆಯಲ್ಲಿದ್ದದ್ದು ಮೇಲಕ್ಕೆ ಬಂದು ಶ್ವಾಸನಾಳಕ್ಕೆ ಇಳಿದರೆ ಅಪಾಯ. ಕೇಳಿದವರೆಲ್ಲ ತಲೆದೂಗುತ್ತಿದ್ದರು. ಒಮ್ಮೆ ಕೆಲಗೇರಿಯಿಂದ ಬಂದ ಒಬ್ಬ ಬಸುರಿಯನ್ನು ಎಲ್ಲ ಸಿದ್ಧತೆಯ ನಂತರ ಕೊನೆಯದಾಗಿ ಕೇಳಿದೆ: ‘ಏನಾದರೂ ತಿಂದಿದ್ದೀಯಾ?’

‘ಇಲ್ರಿ.’

‘ಕುಡಿದಿದ್ದೀಯಾ?’

‘ಇಲ್ರಿ.’

ಪಕ್ಕದಲ್ಲಿದ್ದ ಅವಳ ಅಜ್ಜಿ ಹೆಮ್ಮೆಯಿಂದ ಹೇಳಿದರು: ‘ಒಂದು ಹನಿ ನೀರು ಸೈತ ಕೊಟ್ಟಿಲ್ಲರಿ. ಹೊಸ್ತಿಲಾ ದಾಟೂಮುಂದ ಮಸರು ಸಕ್ಕರಿ ಅಷ್ಟ ಕೈಯಾಗ ಹಾಕೇನಿ.’

‘ಅಜ್ಜಿ, ಮೊಸರು ತಿಂದ ಹಾಗಾಗಲಿಲ್ಲವೇ?’

‘ಅದು ತಿನ್ನೂದು ಹೆಂಗಾತ್ರಿ? ಅದು ಶಕುನ!’

ಶಕುನವು ಹೊಟ್ಟೆಯಿಂದ ಇಳಿಯುವವರೆಗೆ ಎಲ್ಲರೂ ಕಾದೆವು. ಅಜ್ಜಿ ಸುಳ್ಳು ಹೇಳಿರಲಿಲ್ಲ. ಪರೀಕ್ಷೆಗೆ, ಪ್ರಯಾಣಕ್ಕೆ, ಹೊಸ ಕೆಲಸಕ್ಕೆ ಮೊಸರು ಸಕ್ಕರೆ ಕೊಡದೆ ನಮ್ಮಲ್ಲಿ ಯಾರನ್ನೂ ಕಳಿಸುವುದಿಲ್ಲ, ಅದನ್ನು ಊಟದ ಲೆಕ್ಕಕ್ಕೂ ಹಿಡಿಯುವುದಿಲ್ಲ. ಅಂದಿನಿಂದ ನನ್ನ ಪ್ರಶ್ನೆಗಳಿಗೆ ಇನ್ನೆರಡು ಸೇರಿದವು: ಮೊಸರು ಸಕ್ಕರೆ? ತೀರ್ಥ ಪ್ರಸಾದ?

ಮುಹೂರ್ತದವರನ್ನು ಮಾತ್ರ ನಾನು ದೊಡ್ಡ ಡಾಕ್ಟರಿಗೇ ಒಪ್ಪಿಸುತ್ತಿದ್ದೆ. ಒಳ್ಳೆಯ ನಕ್ಷತ್ರಕ್ಕೆ ಕೂಸನ್ನು ಅವಧಿಗೆ ಮೊದಲೇ ತೆಗೆಯಿರಿ ಎಂದು ಪಂಚಾಂಗ ಹಿಡಿದು ಬಂದ ಯಜಮಾನರೊಬ್ಬರಿಗೆ ಅವರು ಹೇಳಿದ್ದು ಹೀಗೆ: ‘ಕೂಸಿನ ಪುಪ್ಪುಸ ಇನ್ನೂ ತಯಾರಾಗಬೇಕ್ರಿ. ನಕ್ಷತ್ರ ಚಲೋ ಇದ್ದು ಕೂಸಿಗೆ ಉಸಿರಾಡಾಕ ಬರದಿದ್ರ ಆ ನಕ್ಷತ್ರಾ ತಗೊಂಡು ಏನ್ ಮಾಡೂದದ? ಅವಧಿ ತುಂಬಲಿ. ಆಮ್ಯಾಲ ನಿಮ್ಮ ಜೋಯಿಸರಿಗೇ ಹೇಳ್ರಿ, ನಮ್ಮ ಅರಿವಳಿಕೆ ಡಾಕ್ಟರ ಬಿಡುವು ಇರೂ ಮುಹೂರ್ತ ಒಂದು ಹುಡುಕಿ ಕೊಡ್ಲಿ. ಅದು ನನಗೂ ಸಿಗವಲ್ದು.’ ಯಜಮಾನರು ನಗುತ್ತ ಪಂಚಾಂಗ ಮಡಚಿದರು.

ನಾನು ಸೇರಿದಾಗಿನ ಪದ್ಧತಿಗೂ ಈಗಿನದಕ್ಕೂ ಬಹಳ ಅಂತರವಿದೆ. ಆಗ ಪೂರ್ತಿ ಪ್ರಜ್ಞೆ ತಪ್ಪಿಸುವುದು ಹೆಚ್ಚಿತ್ತು. ಎಚ್ಚರವಾದ ಮೇಲೆ ತಾಯಿ, ‘ಏನ್ ಹುಟ್ಟೇತಿ?’ ಎಂದು ಓಣಿಯವರೆಲ್ಲ ಕೇಳಿಯಾದ ಮೇಲೆ ಕಡೆಗೆ ಕೇಳುತ್ತಿದ್ದಳು. ಈಗ ಸಾಮಾನ್ಯವಾಗಿ ಬೆನ್ನಿಗೆ ಸೂಜಿ ಕೊಟ್ಟು ಎದೆಯಿಂದ ಕೆಳಗೆ ಮರಗಟ್ಟಿಸುತ್ತಾರೆ. ತಾಯಿ ಎಚ್ಚರವಾಗಿದ್ದು ಕೂಸಿನ ಮೊದಲ ಅಳುವನ್ನು ತಾನೇ ಕೇಳುತ್ತಾಳೆ. ಆಗ ಬಾಣಂತಿಯನ್ನು ದಿನಗಟ್ಟಲೆ ಅಲುಗದಂತೆ ಮಲಗಿಸುತ್ತಿದ್ದರು; ಈಗ ಕಾಲಿಗೆ ಸ್ಪರ್ಶ ಮರಳಿದ ಮೇಲೆ ಆದಷ್ಟು ಬೇಗ ಕೈಹಿಡಿದು ನಡೆಸುತ್ತಾರೆ, ರಕ್ತ ಹೆಪ್ಪುಗಟ್ಟಬಾರದೆಂದು. ‘ಹೊಟ್ಟಿ ಕೊಯ್ದಾಕೀನ್ನ ನಡಸ್ತೀರೇನ್ರಿ?’ ಎಂದು ನನ್ನನ್ನು ರಾಕ್ಷಸಿಯಂತೆ ನೋಡಿದ ಬಾಣಂತಿಯರ ತಾಯಂದಿರಿಗೆ ಲೆಕ್ಕವಿಲ್ಲ.

ಇನ್ನು ನಾನು ಮುಖ್ಯವಾಗಿ ಹೇಳಬೇಕಾದ ಸುಜಾತಳ ವಿಷಯಕ್ಕೆ ಬರುತ್ತೇನೆ.

ಸುಜಾತಾ ಸಪ್ತಾಪುರದ ಒಂದು ಕೋಚಿಂಗ್ ಕೇಂದ್ರದಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಗಣಿತ ಕಲಿಸುತ್ತಿದ್ದಳು. ತವರು ಧಾರವಾಡ, ಗಂಡನ ಮನೆ ಹುಬ್ಬಳ್ಳಿ. ಚೊಚ್ಚಲ ಬಸುರಿ, ನಮ್ಮ ಕಡೆಯ ರೂಢಿಯಂತೆ ಹೆರಿಗೆಗೆ ತವರಿಗೆ ಬಂದಿದ್ದಳು. ತಾಯಿ ಸುಮಂಗಲಾ ಅವರನ್ನು ಕರೆದುಕೊಂಡು ತರಗತಿಗೆ ಬರುತ್ತಿದ್ದಳು, ಎಲ್ಲವನ್ನೂ ಬರೆದುಕೊಳ್ಳುತ್ತಿದ್ದಳು. ಇಂಥ ವಿದ್ಯಾರ್ಥಿನಿ ಯಾವ ಶಿಕ್ಷಕಿಗೆ ಬೇಡ? ಆದರೆ ಒಂದು ದಿನ ಅವಳು ಕೈಯೆತ್ತಿ ಕೇಳಿದ ಪ್ರಶ್ನೆ ನನ್ನನ್ನು ತಬ್ಬಿಬ್ಬುಗೊಳಿಸಿತು.

‘ಅಕ್ಕೋರ, ಸಿಜೇರಿಯನ್ ಆಗದಂಗ ಏನ್ ತಯಾರಿ ಮಾಡ್ಕೋಬೇಕು? ನಾ ಇಲ್ಲೀತನಾ ಒಂದು ಪರೀಕ್ಷಾದಾಗೂ ನಾಪಾಸ ಆಗಿಲ್ಲರಿ.’

ಕೂಡಲೇ ಹಿಂದಿನ ಬೆಂಚಿನಿಂದ ಮೆಹಬೂಬಿಯ ದನಿ ಬಂತು. ಅವಳ ಗಂಡನದು ಆಸ್ಪತ್ರೆಯ ಓಣಿಯಲ್ಲೇ ಒಂದು ಸ್ಕೂಟರ್ ಗ್ಯಾರೇಜು. ಮೊದಲ ಕೂಸು ಕಾಲು ಕೆಳಗಾಗಿದ್ದುದರಿಂದ ಅವಳಿಗೆ ಸಿಜೇರಿಯನ್ ಆಗಿತ್ತು.

‘ಹಂಗಾದ್ರ ನಾ ನಾಪಾಸ ಆದಾಕೀ ಏನವಾ? ಈಗ ಸಪ್ಲಿಮೆಂಟರಿ ಕಟ್ಟೇನಿ ಅನ್ನು! ಒಳಗಿಂದು ಕೂಸು ಅಡ್ಡಾ ತಿರಗಿ ಕುಂತ್ರ ನಿನ್ನ ಗಣಿತಾ ಏನ್ ಮಾಡ್ತೈತಿ?’

ಇಡೀ ಕೋಣೆ ನಕ್ಕಿತು. ಸುಜಾತಳೂ ನಕ್ಕಳು, ಆದರೆ ಪೂರ್ತಿಯಾಗಿ ಅಲ್ಲ. ಸಿಜೇರಿಯನ್ ಎಂದರೆ ನಾಪಾಸು ಎಂದೇ ಅವಳು ಮನಸ್ಸಿನಲ್ಲಿ ಗಟ್ಟಿಮಾಡಿಕೊಂಡದ್ದು ನನಗೆ ಕಂಡಿತು.

ಆ ದಿನ ನಾನು ಹೇಳಿದ್ದನ್ನು ಇಲ್ಲಿಯೂ ಹೇಳುತ್ತೇನೆ. ನಡೆದಾಡಿ, ಚೆನ್ನಾಗಿ ಉಣ್ಣಿ, ರಕ್ತದೊತ್ತಡ, ಸಕ್ಕರೆ ನೋಡಿಸಿಕೊಳ್ಳಿ. ಇವೆಲ್ಲ ನಿಮ್ಮ ಕೈಯಲ್ಲಿವೆ. ಕೂಸು ಹೇಗೆ ತಿರುಗಿದೆ, ಮಾಸು ಎಲ್ಲಿ ಕೂತಿದೆ, ನೋವಿನ ನಡುವೆ ಕೂಸಿನ ಹೃದಯ ಹೇಗೆ ಬಡಿಯುತ್ತದೆ ಎಂಬವು ನಿಮ್ಮ ಕೈಯಲ್ಲಿಲ್ಲ. ಸಿಜೇರಿಯನ್ ಸುಲಭದ ದಾರಿಯೂ ಅಲ್ಲ. ಅದು ದೊಡ್ಡ ಶಸ್ತ್ರಚಿಕಿತ್ಸೆ, ಚೇತರಿಕೆಗೆ ಹೆಚ್ಚು ಕಾಲ ಬೇಕು. ಒಮ್ಮೆ ಆದವರಿಗೆ ಪ್ರತಿ ಸಲವೂ ಆಗಲೇಬೇಕೆಂದಿಲ್ಲ. ಹಳೆಯ ಗಾಯ, ನಡುವಿನ ಅಂತರ, ಆಸ್ಪತ್ರೆಯ ಅನುಕೂಲ ಇವನ್ನು ನೋಡಿ ಡಾಕ್ಟರು ಹೇಳುತ್ತಾರೆ. ಡಾಕ್ಟರು ಸಿಜೇರಿಯನ್ ಎಂದಾಗ ಹೆದರುವ ಬದಲು ಮೂರು ಪ್ರಶ್ನೆ ಕೇಳಿ: ಯಾಕೆ ಬೇಕು? ಬೇರೆ ದಾರಿ ಇದೆಯೇ? ಕಾದರೆ ಏನಾಗುತ್ತದೆ? ಉತ್ತರ ತಿಳಿದ ಮೇಲೆ ಒಪ್ಪಿಗೆ ಕೊಡಬೇಕಾದವರು ನೀವು. ವಯಸ್ಸಿಗೆ ಬಂದ ಹೆಣ್ಣಿನ ದೇಹದ ಮೇಲಿನ ಶಸ್ತ್ರಚಿಕಿತ್ಸೆಗೆ ಅವಳ ಒಪ್ಪಿಗೆಯೇ ಒಪ್ಪಿಗೆ.

ಕೊನೆಯ ವಾಕ್ಯಕ್ಕೆ ಸುಮಂಗಲಾ ಅವರು ಎಲ್ಲರಂತೆ ತಲೆದೂಗಿದರು. ಕೀರ್ತನೆಯಲ್ಲಿ ಕೂತವರು ತಲೆದೂಗುವ ಹಾಗೆ.

ಸುಜಾತಳಿಗೆ ನೋವು ಬಂದದ್ದು ಒಂದು ಮಧ್ಯಾಹ್ನ. ಹುಬ್ಬಳ್ಳಿಯಿಂದ ಗಂಡ ಮಹಾಂತೇಶ ತನ್ನ ತಾಯಿ ನೀಲವ್ವನನ್ನು ಕರೆದುಕೊಂಡು ಬಂದ. ಬೀಗತಿಯರಿಬ್ಬರೂ ಹೊರಗಿನ ಬೆಂಚಿನ ಮೇಲೆ ಕೂತು ಒಬ್ಬರಿಗೊಬ್ಬರು ಚಹಾ ಒತ್ತಾಯ ಮಾಡುತ್ತಿದ್ದರು. ಇಬ್ಬರೂ ಬಹಳ ಮರ್ಯಾದಸ್ಥರು. ಹಾಗಾಗಿ ಆ ಚಹಾ ಆರಿಹೋಗಿತ್ತು.

ಒಳಗೆ ಸುಜಾತಾ ಹಲ್ಲು ಕಚ್ಚಿ ನೋವು ತಿನ್ನುತ್ತಿದ್ದಳು. ಎಲ್ಲ ಸರಿಯಾಗಿ ಸಾಗುತ್ತಿರುವಾಗಲೇ ಯಂತ್ರದಲ್ಲಿ ಕೇಳುತ್ತಿದ್ದ ಕೂಸಿನ ಎದೆಬಡಿತದ ಲಯ ಬದಲಾಯಿತು. ಪ್ರತಿ ನೋವಿಗೂ ಅದು ಇಳಿಯುತ್ತಿತ್ತು. ನೋವು ಹೋದ ಮೇಲೂ ಏರಲು ತಡಮಾಡುತ್ತಿತ್ತು. ದೊಡ್ಡ ಡಾಕ್ಟರು ಅವಳನ್ನು ಎಡ ಮಗ್ಗುಲಿಗೆ ಹೊರಳಿಸಿದರು, ಸಲೈನ್ ಏರಿಸಿದರು, ಕಾದು ನೋಡಿದರು. ಬಡಿತ ಸುಧಾರಿಸಲಿಲ್ಲ. ನನ್ನತ್ತ ತಿರುಗಿ, ‘ಇನ್ನ ತಡಾ ಮಾಡೂದು ಬ್ಯಾಡ. ಕೂಸು ದಣದದ. ನಾ ಈಕಿಗೆ ಹೇಳ್ತೇನಿ. ಹೊರಗ ನೀವು ಹೇಳ್ರಿ, ಲಗೂ’ ಎಂದರು.

ನಾನು ಹೊರಗೆ ಹೋಗಿ, ಕೂಸಿನ ಎದೆಬಡಿತ ಇಳಿಯುತ್ತಿದೆ, ಕೂಡಲೇ ಸಿಜೇರಿಯನ್ ಆಗಬೇಕು ಎಂದು ಎರಡೇ ವಾಕ್ಯಗಳಲ್ಲಿ ತಿಳಿಸಿದೆ. ಸುಮಂಗಲಾ ಎದ್ದು ನಿಂತರು. ಮುಖ ಬಿಳಿಚಿತ್ತು. ಆದರೂ ಅವರು ಮಾತಾಡಿದ್ದು ನೀಲವ್ವನೊಂದಿಗೆ.

‘ಬೀಗರ, ನಿಮ್ಮ ಸೊಸಿ. ನೀವು ಹೇಳ್ರಿ.’

‘ಅಯ್ಯ, ನಾ ಹೆಂಗ ಹೇಳ್ಲಿರಿ? ಚೊಚ್ಚಲ ಹೆರಿಗಿ ತವರಮನೀದು. ನೀವು ಇರೂತನಾ ನಾ ಬಾಯಿ ಹಾಕೂದು ಚಂದ ಕಾಣಂಗಿಲ್ಲ. ನೀವ ಹೇಳ್ರಿ.’

‘ಕೊಟ್ಟ ಹೆಣ್ಣ್ರಿ ಆಕಿ. ನಿಮ್ಮನ್ನ ಕೇಳದ ಹೊಟ್ಟಿ ಕೊಯ್ಸಿದ್ರು ಅಂತ ಆಗಬಾರದಲ್ರಿ.’

‘ಹಂಗ ಯಾರ ಅಂತಾರ್ರಿ? ಹುಬ್ಬಳ್ಳಿಯಿಂದ ಬಂದು ಅತ್ತಿ ದರ್ಬಾರ ಮಾಡಿದ್ಲು ಅಂತ ನನಗ ಅಂತಾರ. ನೀವ ಹೇಳ್ರಿ ಬೀಗರ.’

ಮಹಾಂತೇಶ ನಡುವೆ ನಿಂತಿದ್ದ. ‘ಅವ್ವಾ, ಅತ್ತಿಯವರು ಹೇಳೂದು ಖರೇ ಐತಿ’ ಎಂದ. ಮತ್ತೆ ಆ ಕಡೆ ತಿರುಗಿ, ‘ಅತ್ತಿಯವರ, ಅವ್ವ ಹೇಳೂದೂ ಖರೇ ಐತ್ರಿ’ ಎಂದ.

ಬೇರೆ ಊರಿನಲ್ಲಿ ಜನ ಜಗಳವಾಡಿ ಹೊತ್ತು ಕಳೆದಾರು. ನಮ್ಮಲ್ಲಿ ಮರ್ಯಾದೆ ಕೊಟ್ಟು ಕಳೆಯುತ್ತೇವೆ. ಇಬ್ಬರಿಗೂ ಕೂಸು ಬೇಕಿತ್ತು, ಸುಜಾತಾ ಬೇಕಿದ್ದಳು. ಡಾಕ್ಟರ ಮಾತಿನಲ್ಲಿ ಇಬ್ಬರಿಗೂ ನಂಬಿಕೆಯಿತ್ತು. ಇನ್ನೊಬ್ಬರ ಹಕ್ಕನ್ನು ತಾವು ಕಸಿದುಕೊಂಡಂತಾದೀತು ಎಂಬ ಒಂದೇ ಸಂಕೋಚಕ್ಕೆ ‘ಹೂಂ’ ಎಂಬ ಒಂದಕ್ಷರ ಹೊರಡಲಿಲ್ಲ. ಒಳಗೆ ಇನ್ನೊಂದು ನೋವು ಬಂದು ಹೋಗಿತ್ತು. ಆ ಲಯವನ್ನು ಕೇಳಿ ಬಂದಿದ್ದ ನನ್ನ ಕಿವಿಗೆ ಈ ‘ನೀವ ಹೇಳ್ರಿ’ ಸಹಿಸಲಾರದಾಯಿತು. ಅವರನ್ನು ಅಲ್ಲೇ ಬಿಟ್ಟು ಒಳಗೆ ಹೋದೆ.

ಸುಜಾತಾ ಬೆವೆತುಹೋಗಿದ್ದಳು. ‘ಹೊರಗ ಏನ್ ಗದ್ಲರಿ ಅಕ್ಕೋರ?’ ಎಂದಳು.

‘ನಿನ್ನ ತಾಯಿ, ನಿನ್ನ ಅತ್ತಿ ಒಬ್ಬರಿಗೊಬ್ಬರು ಮರ್ಯಾದಿ ಕೊಡಾಕತ್ತಾರ,’ ಎಂದೆ. ಗಡಿಬಿಡಿಯಲ್ಲಿ ನನ್ನ ಗ್ರಾಂಥಿಕ ಭಾಷೆಯೂ ಬಿಟ್ಟುಹೋಗಿತ್ತು.

ಅವಳು ನಕ್ಕಳು, ನಗು ನೋವಾಗಿ ತಿರುಗಿತು. ಅದು ಇಳಿದ ಮೇಲೆ ಡಾಕ್ಟರನ್ನು ನೋಡಿದಳು. ಯಾಕೆ ಎಂಬುದನ್ನು ಅವರು ಆಗಲೇ ಹೇಳಿದ್ದರು. ಅವಳು ಉಳಿದೆರಡನ್ನು ಕೇಳಿದಳು.

‘ಬ್ಯಾರೆ ದಾರಿ ಐತೇನ್ರಿ?’

‘ಹೆರಿಗಿ ಲಗೂ ಆಗೂಹಂಗ ಇದ್ದಿದ್ರ ಇತ್ತು. ಇನ್ನೂ ಬಾಳ ಹೊತ್ತದ.’

‘ಕಾದ್ರ?’

‘ಕೂಸಿಗೆ ಆಮ್ಲಜನಕ ಕಡಿಮಿ ಆದೀತು. ಈಗ ಮಾಡಿದ್ರ ಇಬ್ಬರೂ ಚಲೋ ಇರ್ತೀರಿ ಅಂತ ನನಗ ಭರವಸೆ ಅದ.’

ಸುಜಾತಾ ಕಣ್ಣು ಮುಚ್ಚಿದಳು. ಕಣ್ಣಂಚಿನಿಂದ ನೀರಿಳಿಯಿತು. ‘ಇಷ್ಟೊತ್ತು ತಿಂದ ನೋವೆಲ್ಲಾ ಪುಕ್ಕಟೆ ಹೋತಲ್ರಿ.’

‘ಪುಕ್ಕಟೆ ಹೆಂಗ ಹೋಗ್ತದವಾ? ಆ ನೋವಿನಿಂದನ ಕೂಸಿನ ಪುಪ್ಪುಸ ಉಸಿರಾಡಾಕ ತಯಾರಾಗಿರ್ತದ. ನೀ ನಿನ್ನ ಕೆಲಸಾ ಮಾಡೀದಿ. ಉಳದದ್ದು ನನಗ ಬಿಡು.’

ಅವಳು ಕಣ್ಣು ತೆರೆದಳು. ತೆರೆದಾಗ ಆ ಕಣ್ಣುಗಳಲ್ಲಿ ಪರೀಕ್ಷೆ ಬರೆಯುವವಳ ಹಟವಿರಲಿಲ್ಲ. ‘ಮಾಡ್ರಿ’ ಎಂದಳು. ‘ಪೆನ್ ಕೊಡ್ರಿ ಅಕ್ಕೋರ. ಹೊರಗಿನವರಿಗೆ ಹೇಳ್ರಿ, ಸುಜಾತಾ ಹೂಂ ಅಂದಾಳ ಅಂತ.’

ನಾನು ಹೊರಗೆ ಬಂದು ಹಾಗೆಯೇ ಹೇಳಿದೆ. ಅಸಮಾಧಾನವಾದೀತೇನೋ ಎಂದು ಅಳುಕುತ್ತಿದ್ದೆ. ಬೀಗತಿಯರಿಬ್ಬರೂ ಒಂದೇ ಉಸಿರಿನಲ್ಲಿ, ‘ಹಂಗಾದ್ರ ಚಲೋ ಆತು!’ ಎಂದು ಬೆಂಚಿನ ಮೇಲೆ ಕುಸಿದರು. ಸುಮಂಗಲಾ ಅಳತೊಡಗಿದರು, ನೀಲವ್ವ ತಮ್ಮ ಸೆರಗಿನಿಂದ ಅವರ ಕಣ್ಣೊರೆಸಿದರು. ಹೆರುವವಳೇ ಹೇಳಿದ್ದರಿಂದ ಯಾರ ಮಾತೂ ಯಾರ ಮಾತನ್ನೂ ಮೀರಿರಲಿಲ್ಲ. ನಾನು ವರ್ಷಗಟ್ಟಲೆ ಹಕ್ಕು ಎಂದು ಕಲಿಸುತ್ತಿದ್ದದ್ದು ಎರಡು ಮನೆಗಳ ಮರ್ಯಾದೆಯನ್ನು ಹೀಗೆ ಕಾಯಬಲ್ಲದು ಎಂದು ನನಗೂ ತೋಚಿರಲಿಲ್ಲ. ಹೊಸದಾಗಿ ಈ ಕೆಲಸಕ್ಕೆ ಬರುವವರು ಇದನ್ನು ನೆನಪಿಡಬೇಕು: ಮನೆಯವರಿಗೆ ತಿಳಿಸಿ, ಧೈರ್ಯ ಹೇಳಿ, ಆದರೆ ಕೇಳುವುದನ್ನು ಬಸುರಿಯನ್ನೇ ಕೇಳಿ.

ಡಾಕ್ಟರ ಅನುಮತಿಯಿಂದ ನಾನು ಶಸ್ತ್ರಚಿಕಿತ್ಸಾ ಕೋಣೆಯಲ್ಲಿ ಅವಳ ತಲೆಯ ಬಳಿ ನಿಂತೆ. ಎದೆಯ ಮುಂದೆ ಹಸಿರು ಪರದೆ ಕಟ್ಟಿದ್ದರು. ‘ಜಗ್ಗಿದಂಗ ಆಗಾಕತ್ತೇತ್ರಿ, ನೋವಿಲ್ಲ’ ಎಂದಳು. ಹಾಗೆಯೇ ಆಗುತ್ತದೆ, ಹೆದರಬೇಡ ಎಂದೆ. ‘ಥಂಡಿ ಹತ್ತೇತಿ, ಮೈ ನಡಗತೈತಿ.’ ಅದೂ ಬಹಳ ಜನರಿಗೆ ಆಗುತ್ತದೆ ಎಂದು ಕೈ ಹಿಡಿದುಕೊಂಡೆ. ನನ್ನ ವಾಕ್ಯ ಮುಗಿಯುವಷ್ಟರಲ್ಲಿ ಪರದೆಯ ಆಚೆಯಿಂದ ಅಳು ಕೇಳಿಸಿತು. ಮೊದಲು ಕೆಮ್ಮಿನಂತೆ, ಆಮೇಲೆ ಗಟ್ಟಿಯಾಗಿ, ಸಿಟ್ಟಿನಿಂದ. ಹೆಣ್ಣು ಮಗು. ನರ್ಸು ಅದನ್ನು ತಂದು ಸುಜಾತಳ ಕೆನ್ನೆಗೆ ತಾಗಿಸಿದಳು. ಕೂಸಿನ ಅಳು ನಿಂತಿತು, ಅವಳದು ಶುರುವಾಯಿತು.

ಒಳಗೆ ಹೊಲಿಗೆ ಸಾಗುತ್ತಿದ್ದಾಗ ಮಕ್ಕಳ ಡಾಕ್ಟರು ಕೂಸನ್ನು ನೋಡಿ ಎಲ್ಲ ಸರಿಯಿದೆ ಎಂದರು. ನರ್ಸು ಅದನ್ನು ಬೆಚ್ಚಗೆ ಸುತ್ತಿ ಮನೆಯವರಿಗೆ ತೋರಿಸಲು ಬಾಗಿಲಿಗೆ ತಂದಳು. ನಾನೂ ಹಿಂದೆಯೇ ಬಂದೆ. ಮಹಾಂತೇಶನ ಮುಖ ನೋಡುವಂತಿತ್ತು. ಬೀಗತಿಯರಿಬ್ಬರೂ ಎದ್ದು ಬಂದರು.

‘ಎತ್ತಿಕೊಳ್ರಿ ಬೀಗರ,’ ಸುಮಂಗಲಾ ಎಂದರು.

‘ಇಲ್ಲರಿ, ಮೊದಲ ನೀವು.’

‘ನಿಮ್ಮ ಮನೀ ಕೂಸ್ರಿ.’

‘ನಿಮ್ಮ ಮಗಳು ಹಡದಾಳ್ರಿ.’

ಇಬ್ಬರ ಕೈಗಳೂ ಚಾಚಿದ್ದವು. ಇಬ್ಬರ ಬಾಯಿಯೂ ‘ನೀವ, ನೀವ’ ಎನ್ನುತ್ತಿತ್ತು. ನರ್ಸು ನನ್ನ ಮುಖ ನೋಡಿದಳು. ಆಗ ನೀಲವ್ವ ಥಟ್ಟನೆ ಕೈ ಹಿಂದಕ್ಕೆ ತೆಗೆದುಕೊಂಡು ನನ್ನತ್ತ ತಿರುಗಿದರು.

‘ಅಕ್ಕೋರ, ಒಳಗ ಹೋಗಿ ಆಕೀನ್ನ ಕೇಳ್ಕೊಂಡು ಬರ್ರಿ, ಕೂಸು ಯಾರ ಕೈಯಾಗ ಕೊಡೂದಂತ.’

ಹೋಗಿ ಕೇಳಿದೆ. ಕೊನೆಯ ಹೊಲಿಗೆ ಮುಗಿದಿತ್ತು. ಸುಜಾತಾ ಎರಡೂ ಕೈ ಚಾಚಿದಳು.

‘ನನ್ನ ಕೈಯಾಗ ಕೊಡ್ರಿ.’